ರೇಸ್ ಕೊಡದ ಕಾಲು

ಕಾಲು ತೊಂದರೆ ಕೊಟ್ಟರೆ ಜನ ಡಾಕ್ಟರ ಹತ್ತಿರ ಹೋಗುತ್ತಾರೆ. ಆಶಾರಾಣಿ ಗ್ಯಾರೇಜಿಗೆ ಹೋದಳು. ನಗುವವರು ಈಗಲೇ ನಕ್ಕುಬಿಡಿ, ಅಡ್ಡಿಯಿಲ್ಲ. ಹಾಗಂತ ಅವಳು ಡಾಕ್ಟರ ಮೆಟ್ಟಿಲು ಹತ್ತಿರಲಿಲ್ಲ ಅಂತಲ್ಲ, ಎರಡು ಸಲ ಹತ್ತಿದ್ದಳು. ಅವರು ಅಂಗಾಲಿನಲ್ಲಿ ಅಲ್ಲಲ್ಲಿ ಒಂದು ನೈಲಾನ್ ಎಳೆ ಮುಟ್ಟಿಸಿ, "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಅಂತ ಕೇಳಿ, ಕೊನೆಗೆ, "ಶುಗರ್ ಇದೆಯಲ್ಲಮ್ಮ. ಬಲಗಾಲಿನ ಎರಡು ಬೆರಳಲ್ಲಿ ಸ್ಪರ್ಶ ಸ್ವಲ್ಪ ಕಮ್ಮಿ ಇದ್ದ ಹಾಗಿದೆ. ಇಲ್ಲದೆಯೂ ಇರಬಹುದು. ಆರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ" ಅಂದಿದ್ದರು. ಇದ್ದ ಹಾಗಿದೆಯಂತೆ, ಇಲ್ಲದೆಯೂ ಇರಬಹುದಂತೆ. ಇಷ್ಟನ್ನು ಬಸ್ ಸ್ಟಾಪಿನಲ್ಲಿ ಪಕ್ಕಕ್ಕೆ ಕೂತವರೂ ಹೇಳುತ್ತಿದ್ದರು. ಆಶಾರಾಣಿಯ ಹತ್ತಿರ ಆರು ತಿಂಗಳು ಇರಲಿಲ್ಲ, ಸೋಮವಾರದ ತನಕ ಮಾತ್ರ ಇತ್ತು.

ಅವಳು ಯಶವಂತಪುರದ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಸ್ಯಾಂಪಲ್ ಟೈಲರು. ಬಾಗಲೂರಿನಲ್ಲಿ ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು ಹತ್ತಿದರೆ ವಾಪಸ್ ಮನೆ ಸೇರುವುದು ಸಂಜೆ ಏಳಕ್ಕೆ. ಹತ್ತೊಂಬತ್ತು ವರ್ಷದಿಂದ ಇದೇ ಆಗಿತ್ತು. ಲೈನಿನಲ್ಲಿ ಕೂತವರು ಒಬ್ಬೊಬ್ಬರು ಒಂದೊಂದು ತುಂಡು ಹೊಲಿಯುತ್ತಾರೆ, ಒಬ್ಬರು ತೋಳು, ಒಬ್ಬರು ಜೇಬು. ಸ್ಯಾಂಪಲ್ ಟೈಲರು ಹಾಗಲ್ಲ. ಹೊಸ ಮಾದರಿ ಬಂದಾಗ ಮೊದಲ ಅಂಗಿಯನ್ನು ಪೂರ್ತಿ ಒಬ್ಬರೇ ಹೊಲಿಯಬೇಕು, ಅದನ್ನು ನೋಡಿ ಒಪ್ಪಿದ ಮೇಲೇ ಮಿಕ್ಕ ಸಾವಿರಾರು ಅಂಗಿ. ಆ ಕೆಲಸ ಇರುವುದು ಕೈಯಲ್ಲಿ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಇರುವುದು ಬಲಗಾಲಿನಲ್ಲಿ. ಕರೆಂಟ್ ಮಷಿನ್ನಿನ ಪೆಡಲನ್ನು ಪೂರ್ತಿ ಒತ್ತಿದರೆ ಸೂಜಿ ನಿಮಿಷಕ್ಕೆ ನಾಲ್ಕು ಸಾವಿರ ಸಲ ಇಳಿದು ಏಳುತ್ತೆ, ಅದನ್ನು ಯಾರು ಬೇಕಾದರೂ ಮಾಡಬಹುದು. ಕಾಲರಿನ ಚೂಪಿಗೆ ಬಂದಾಗ ಮೂರೇ ಮೂರು ಹೊಲಿಗೆ ಬೀಳಿಸಿ ನಿಲ್ಲಿಸಬೇಕು, ನಾಲ್ಕನೆಯದು ಬೀಳಬಾರದು. ಅದನ್ನು ಹೆಬ್ಬೆರಳ ಬುಡ ಮಾಡಬೇಕು. ಆಶಾರಾಣಿ ಪಕ್ಕದವಳ ಜೊತೆ ಸೀರೆ ಮಾತಾಡುತ್ತಾ ಮಾಡುತ್ತಿದ್ದಳು.

ಸ್ಯಾಂಪಲ್ ರೂಮಿನ ಹಿರಿಯ ಟೈಲರು ಈ ತಿಂಗಳು ಕೆಲಸ ಬಿಡುವವರಿದ್ದರು. ಮ್ಯಾನೇಜರ್ ನಯನಾ ಕರೆದು, "ಆಶಕ್ಕ, ಆ ಜಾಗಕ್ಕೆ ನೀವೇ. ಸೋಮವಾರ ಹೂಂ ಅಂದ್ಬಿಡಿ. ಇಲ್ಲಾಂದ್ರೆ ನಾನು ಹೊರಗಿನಿಂದ ತರಿಸ್ಬೇಕಾಗುತ್ತೆ" ಅಂದಿದ್ದಳು. ಮೂರು ತಿಂಗಳ ಹಿಂದೆ ಆಗಿದ್ದರೆ ಆಶಾರಾಣಿ ಮಾತು ಮುಗಿಯುವ ಮೊದಲೇ ಹೂಂ ಅಂದಿರುತ್ತಿದ್ದಳು. ಈಗ ಭಯ. ನಾಳೆ ಆ ಕುರ್ಚಿಯಲ್ಲಿ ಕೂತ ಮೇಲೆ ಕಾಲೇ ಕೈಕೊಟ್ಟರೆ? ಕೈಕೊಟ್ಟಿದೆ ಅಂತ ಮನೆಯಲ್ಲಿ ಆಗಲೇ ತೀರ್ಮಾನ ಆಗಿಹೋಗಿತ್ತು.

ತೀರ್ಮಾನ ಕೊಟ್ಟವನು ಗಂಡ ಸುಬ್ರಮಣಿ. ಅವನು ನೀರಿನ ಟ್ಯಾಂಕರ್ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟುಗಳಿಗೆ ನೀರು ಹೊಡೆಯುತ್ತಾ ಬಂದವನು. ಗಾಡಿ ವಿಷಯದಲ್ಲಿ ಅವನು ಏನಾದರೂ ಅಂದರೆ ಆ ಮನೆಯಲ್ಲಿ ಮತ್ತೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿದ್ದದ್ದು ತೊಂಬತ್ತೆಂಟರ ಮಾಡೆಲಿನ ಒಂದು ಬಿಳಿ ಏಯ್ಟ್ ಹಂಡ್ರೆಡ್ ಕಾರು, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಹಳೇ ಕಾಲದ ಕಾರ್ಬುರೇಟರ್ ಇದ್ದ ಗಾಡಿ. ಅದನ್ನು ಓಡಿಸಲು ಆಶಾರಾಣಿಗೆ ಕಲಿಸಿದವನೂ ಅವನೇ, ಊರಾಚೆಯ ಖಾಲಿ ಲೇಔಟಿನಲ್ಲಿ, ಬೈಯ್ಯುತ್ತಾ ಬೈಯ್ಯುತ್ತಾ.

ಮೂರು ತಿಂಗಳ ಹಿಂದೆ ಅತ್ತೆ ಸೊಣ್ಣಮ್ಮನ ಕಣ್ಣು ತೋರಿಸಲು ಮೂವರೂ ಯಲಹಂಕಕ್ಕೆ ಹೊರಟಿದ್ದರು. ಆಶಾರಾಣಿ ಓಡಿಸುತ್ತಿದ್ದಳು, ಪಕ್ಕದಲ್ಲಿ ಸುಬ್ರಮಣಿ, ಹಿಂದೆ ಸೊಣ್ಣಮ್ಮ. ಬಾಗಲೂರು ಕ್ರಾಸಿನಲ್ಲಿ ಸಿಗ್ನಲ್ ಬಿಟ್ಟಿತು. ಇವಳು ಮೆತ್ತಗೆ ಕ್ಲಚ್ ಬಿಟ್ಟು ಮೆತ್ತಗೆ ಆಕ್ಸಿಲರೇಟರ್ ಒತ್ತಿದಳು. ಗಾಡಿ ನಾಲ್ಕು ಮಾರು ಹೋಗಿ, ಮುಗ್ಗರಿಸಿ, ಜಂಕ್ಷನ್ನಿನ ನಟ್ಟನಡುವೆ ಆಫ್ ಆಯಿತು. ಎಡಗಡೆಯಿಂದ ಬಂದ ಬಸ್ಸು ಸೊಣ್ಣಮ್ಮ ಕೂತಿದ್ದ ಬಾಗಿಲಿಗೆ ನಾಲ್ಕು ಬೆರಳು ಉಳಿಸಿ ನಿಂತಿತು. ಸೊಣ್ಣಮ್ಮನ ಜೀವ ಬಾಯಿಗೆ ಬಂದಿತ್ತು. ಜನ ಸೇರಿದರು, ಬಸ್ ಡ್ರೈವರ್ ಇಳಿದು ಬಂದು ಬಾಯಿಗೆ ಬಂದದ್ದು ಅಂದ. ಸುಬ್ರಮಣಿ ಕೈ ಮುಗಿದು, "ತಪ್ಪಾಯ್ತು ಗುರು. ಇವಳಿಗೆ ಶುಗರ್ರು, ಕಾಲು ಮರಗಟ್ಟಿದೆ, ಎಷ್ಟು ಒತ್ತುತಾಳೆ ಅಂತ ಇವಳಿಗೇ ಗೊತ್ತಾಗಲ್ಲ" ಅಂದ. ಆಶಾರಾಣಿಗೆ ಶುಗರ್ ಇದ್ದದ್ದು ನಿಜ, ಆದರೆ ಕಾಲು ಮರಗಟ್ಟಿದೆ ಅಂತ ಅಲ್ಲಿಯವರೆಗೆ ಅವಳಿಗೇ ಗೊತ್ತಿರಲಿಲ್ಲ. ಗಂಡ ಅಂದ ಮೇಲೆ, ಡ್ರೈವರ್ ಅಂದ ಮೇಲೆ, ಇರಬಹುದು ಅನ್ನಿಸಿತು.

ಅಂದಿನಿಂದ ಅವಳು ಸ್ಟೀರಿಂಗ್ ಮುಟ್ಟಲಿಲ್ಲ. ಮುಟ್ಟು ಅಂತ ಯಾರೂ ಹೇಳಲೂ ಇಲ್ಲ. ಮಲಗುವ ಮುಂಚೆ ಹಾಸಿಗೆ ಮೇಲೆ ಕೂತು ಹದಿನಾಲ್ಕನೇ ನಂಬರಿನ ಸೂಜಿಯಿಂದ ಬಲಗಾಲಿನ ಬೆರಳುಗಳನ್ನು ಒಂದೊಂದಾಗಿ ಚುಚ್ಚಿ ನೋಡಿಕೊಳ್ಳುವುದು ಅಭ್ಯಾಸವಾಯಿತು. ಒಂದು ದಿನ ಚೆನ್ನಾಗಿ ನೋವಾಗುತ್ತಿತ್ತು, ಖುಷಿ. ಇನ್ನೊಂದು ದಿನ ನೋವು ಕಮ್ಮಿಯಾಯಿತೇನೋ ಅನ್ನಿಸಿ ಇನ್ನಷ್ಟು ಒತ್ತಿ ರಕ್ತ ಬರಿಸಿಕೊಳ್ಳುತ್ತಿದ್ದಳು. ಅನುಮಾನ ಮಷಿನ್ ತನಕವೂ ಹೋಯಿತು. ಎರಡು ಸಲ ಕಾಲರಿನ ಚೂಪಿನಲ್ಲಿ ನಾಲ್ಕನೇ ಹೊಲಿಗೆ ಬಿತ್ತು. ಬಿಚ್ಚಿ ಮತ್ತೆ ಹೊಲಿದಳು, ಯಾರಿಗೂ ಹೇಳಲಿಲ್ಲ.

ಶನಿವಾರ ಕಂಪನಿಗೆ ರಜೆ ಹಾಕಿದಳು. ಸುಬ್ರಮಣಿ ಬೆಳಿಗ್ಗೆ ಐದಕ್ಕೇ ಟ್ಯಾಂಕರ್ ತೆಗೆದುಕೊಂಡು ಹೋಗಿದ್ದ. ಒಂಬತ್ತು ಗಂಟೆಗೆ ಕಾರಿನ ಕೀ ಹಿಡಿದು ಹೊರಗೆ ಬಂದಾಗ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಸೊಣ್ಣಮ್ಮ ತಲೆ ಎತ್ತಿದಳು.

"ಎಲ್ಲಿಗೋಯ್ತಿದ್ದೀಯ ಗಾಡಿ ತಕ್ಕೊಂಡು?"

"ಯಲಹಂಕಕ್ಕೆ ಅತ್ತೆ. ವಹಾಬ್ ಭಾಯ್ ಹತ್ರ ತೋರಿಸ್ಕೊಂಡು ಬರ್ತೀನಿ."

"ಗಾಡಿಗೇನಾಗದೆ ತೋರ್ಸಕೆ? ನಿನ್ ಕಾಲು ತೋರ್ಸ್ಕೊ ಓಗು." ಅಂದವಳು, ಸೊಸೆಯ ಮುಖ ನೋಡಿ, "ಉಷಾರು ಕಣಮ್ಮಿ. ಓರದಾಗೇ ಓಗು" ಅಂತ ಸೇರಿಸಿದಳು. ಸೊಣ್ಣಮ್ಮನ ನಾಲಿಗೆ ಖಾರ, ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ.

ಓರದಲ್ಲೇ ಹೋದಳು. ಕಟ್ಟಿಗೇನಹಳ್ಳಿ ದಾಟುವಷ್ಟರಲ್ಲಿ ಗಾಡಿ ಐದು ಸಲ ಮುಗ್ಗರಿಸಿತು, ಒಂದು ಸಲ ಪೂರ್ತಿ ನಿಂತುಹೋಯಿತು. ಹಿಂದಿನಿಂದ ಹಾರನ್ ಮೇಲೆ ಹಾರನ್. ಆದರೆ ಆರನೇ ಸಲಕ್ಕೆ ಅವಳಿಗೆ ಒಂದು ವಿಷಯ ಗೊತ್ತಾಗಿತ್ತು, ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಗ್ಯಾರೇಜು ಸೇರಿದಳು.

ವಹಾಬನ ಗ್ಯಾರೇಜು ಹಳೇ ಯಲಹಂಕದ ಸಂತೆ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ, ತಗಡಿನ ಚಾವಣಿ, ಮುಂದೆ ಒಂದು ಬೇವಿನ ಮರ. ಅರವತ್ತು ದಾಟಿದ ಮನುಷ್ಯ. ಈಗಿನ ಗಾಡಿಗಳಿಗೆ ಕಂಪ್ಯೂಟರ್ ಚುಚ್ಚಿ ನೋಡುವವರು ಬೇರೆ ಇದ್ದಾರೆ. ಕಾರ್ಬುರೇಟರ್ ಗಾಡಿ ಇಟ್ಟುಕೊಂಡವರು ಮಾತ್ರ ಎಲ್ಲೆಲ್ಲಿಂದಲೋ ಇವನನ್ನೇ ಹುಡುಕಿಕೊಂಡು ಬರುತ್ತಾರೆ. ಆಶಾರಾಣಿಯನ್ನು ಅವನು ಸುಬ್ರಮಣಿಯ ಜೊತೆ ಒಂದೆರಡು ಸಲ ನೋಡಿದ್ದ.

"ಏನಮ್ಮ, ಒಬ್ಬರೇ ಬಂದಿದ್ದೀರಿ?"

"ವಹಾಬ್ ಭಾಯ್, ನನಗೆ ಒಂದೇ ಒಂದು ವಿಷಯ ಹೇಳಿ ಸಾಕು. ಮೆತ್ತಗೆ ಹೋಗುವಾಗ ಗಾಡಿ ಮುಗ್ಗರಿಸುತ್ತೆ. ಇದು ಗಾಡಿದು ತೊಂದರೆನಾ, ನನ್ನ ಕಾಲಿಂದಾ? ಕಾಲು ಮರಗಟ್ಟಿದೆ ಅಂತಾರೆ."

ಇಂಥ ಪ್ರಶ್ನೆಯನ್ನು ಅವನು ಕೇಳಿಸಿಕೊಂಡಿರಲಿಲ್ಲ. ಕೈ ಒರೆಸಿಕೊಂಡು, "ನೋಡಿಬಿಡೋಣ" ಅಂತ ಗಾಡಿ ಹತ್ತಿದ. ಸ್ಟಾರ್ಟ್ ಮಾಡಿ ಬ್ರೂಂ ಬ್ರೂಂ ಅಂತ ಎರಡು ಸಲ ರೇಸ್ ಕೊಟ್ಟ, ಗೇರ್ ಹಾಕಿದ, ಓಣಿಯ ಕೊನೆಯ ತನಕ ಒಂದೇ ಉಸಿರಿಗೆ ಹೋಗಿ ಬಂದ.

"ಫಸ್ಟ್ ಕ್ಲಾಸ್ ಇದೆಯಲ್ಲಮ್ಮ ಗಾಡಿ. ಎಲ್ಲೂ ಏನೂ ಇಲ್ಲ."

ಅಲ್ಲಿಗೆ ಮುಗಿಯಿತು, ಸೋಮವಾರ ನಯನಾಗೆ ಬೇಡ ಅಂದುಬಿಡಬೇಕು, ಅಂದುಕೊಂಡಳು ಆಶಾರಾಣಿ. ಕೀ ಇಸಿದುಕೊಳ್ಳಲು ಕೈಯನ್ನೂ ಚಾಚಿದಳು. ಆಮೇಲೆ ದಾರಿಯಲ್ಲಿ ಗೊತ್ತಾಗಿದ್ದ ವಿಷಯ ಬಾಯಿಗೆ ಬಂತು.

"ನೀವು ರೇಸ್ ಕೊಟ್ರಿ, ಭಾಯ್. ನಾನು ಕೊಡಲ್ಲ."

"ಕೊಡಲ್ಲ ಅಂದ್ರೆ?"

ಅವನು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಗಾಡಿ ಓಡಿಸುವ ಗಂಡಸರಿಗೆ ರೇಸ್ ಕೊಡುವುದು ಉಸಿರಾಡಿದಷ್ಟೇ ಸಹಜ. ಸಿಗ್ನಲ್ಲಿನಲ್ಲಿ ನಿಂತಾಗ ರೇಸ್, ಹೊರಡುವಾಗ ರೇಸ್, ಆಫ್ ಮಾಡುವ ಮುಂಚೆಯೂ ಒಂದು ರೇಸ್. ಯಾಕೆ ಅಂತ ಕೇಳಿದರೆ ಒಬ್ಬನಿಗೂ ಗೊತ್ತಿಲ್ಲ. ಕ್ಲಚ್ ಬಿಡುವ ಮುಂಚೆ ಆಕ್ಸಿಲರೇಟರನ್ನು ದಬಕ್ಕನೆ ಒಂದು ಸಲ ತುಳಿಯದ ಕಾಲನ್ನು ವಹಾಬ್ ತನ್ನ ನಲವತ್ತು ವರ್ಷದ ಕಸುಬಿನಲ್ಲಿ ಒಂದನ್ನಾದರೂ ನೋಡಿದ್ದನೋ ಇಲ್ಲವೋ.

"ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ನಾನು ಓಡಿಸ್ತೀನಿ" ಅಂದಳು ಆಶಾರಾಣಿ.

ಕೆರೆ ಕಡೆಯ ರಸ್ತೆಗೆ ತಿರುಗಿಸಿದಳು. ಗಾಡಿ ಎರಡನೇ ಗೇರಿನಲ್ಲಿ ಇಪ್ಪತ್ತರಲ್ಲಿ ಹೋಗುತ್ತಿತ್ತು. ಕಾಲು ಪೂರ್ತಿ ಎತ್ತಿ, ಮತ್ತೆ ಪೆಡಲ್ ಮೇಲೆ ಇಟ್ಟು, "ಈಗ ಬರುತ್ತೆ ನೋಡಿ" ಅಂದಳು. ಗಾಡಿ ಮುಗ್ಗರಿಸಿತು. ಇನ್ನು ನೂರು ಗಜ ಹೋಗಿ, "ಈಗ ಮತ್ತೆ" ಅಂದಳು. ಮತ್ತೆ ಮುಗ್ಗರಿಸಿತು. ಮೂರನೇ ಸಲ ವಹಾಬ್ ರಸ್ತೆ ನೋಡುವುದನ್ನು ಬಿಟ್ಟು ಅವಳ ಕಾಲನ್ನೇ ನೋಡಿದ. ಪೆಡಲ್ ಇಳಿದದ್ದು ಕಣ್ಣಿಗೆ ಕಾಣುವಂತಿರಲಿಲ್ಲ.

"ಪೆಡಲ್ ಹಿಡಿದುಕೊಂಡ ಮೇಲೆ ಒಂದು ನೂಲಿನಷ್ಟು ಒತ್ತಿದಾಗ ಶುರುವಾಗುತ್ತೆ" ಅಂದಳು ಆಶಾರಾಣಿ. "ಎರಡು ನೂಲು ದಾಟಿದ್ರೆ ಹೋಗ್ಬಿಡುತ್ತೆ. ಅದಕ್ಕಿಂತ ಮುಂಚೆ ಇಲ್ಲ, ಆಮೇಲೂ ಇಲ್ಲ. ಬರ್ತಾ ದಾರಿಯಲ್ಲಿ ಪ್ರತೀ ಸಲ ಅಲ್ಲೇ ಆಯ್ತು."

ವಹಾಬ್ ಗಡ್ಡ ಕೆರೆದುಕೊಂಡ. "ಅಮ್ಮ, ಕಾಲು ಮರಗಟ್ಟಿದೆ ಅಂತ ನಿಮಗೆ ಯಾರು ಹೇಳಿದ್ದು? ಮರಗಟ್ಟಿದ ಕಾಲಿಗೆ ಒಂದು ನೂಲು ಎರಡು ನೂಲು ಗೊತ್ತಾಗುತ್ತಾ? ನನ್ನ ಕಾಲಿಗೇ ಗೊತ್ತಾಗಲಿಲ್ಲ."

ಅಷ್ಟು ಬೇಗ ನಂಬಿಬಿಡಲು ಅವಳಿಗೆ ಧೈರ್ಯ ಬರಲಿಲ್ಲ. ಮನುಷ್ಯ ಒಳ್ಳೆಯವನು, ಸಮಾಧಾನಕ್ಕೆ ಹೇಳಿದ್ದರೂ ಹೇಳಿರಬಹುದು. "ಬಾಯಿ ಮಾತು ಬೇಡ ಭಾಯ್. ಏನಾಗಿದೆ ಅಂತ ತೆಗೆದು ತೋರಿಸಿ" ಅಂದಳು.

ಬಾನೆಟ್ ಎತ್ತಿದರು. ವಹಾಬ್ ಅವಸರದ ಆಸಾಮಿಯಲ್ಲ. ಮೊದಲು ಪ್ಲಗ್ಗುಗಳನ್ನು ಬಿಚ್ಚಿ ನೋಡಿದ, ಚೆನ್ನಾಗಿದ್ದವು. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ನೋಡಿದ, ಎಲ್ಲೂ ಬಿರುಕಿರಲಿಲ್ಲ. ಇಂಜಿನ್ ಓಡುತ್ತಿರುವಾಗ ಕಾರ್ಬುರೇಟರಿನ ಬುಡಕ್ಕೆ ಸೋಪಿನ ನೀರು ಚಿಮುಕಿಸಿ ಕಿವಿಗೊಟ್ಟ. ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತಿದ್ದರೆ ಇಂಜಿನ್ನಿನ ಸದ್ದು ಬದಲಾಗಬೇಕಿತ್ತು, ಆಗಲಿಲ್ಲ. ಒಂದೊಂದು ಸಲ ಏನೂ ಇಲ್ಲ ಅಂತ ಅವನು ತಲೆ ಆಡಿಸಿದಾಗಲೂ ಆಶಾರಾಣಿ ತನ್ನ ಬಲಗಾಲು ನೋಡಿಕೊಂಡಳು. ಗಾಡಿಯಲ್ಲಿ ಏನೂ ಸಿಗದಿದ್ದರೆ ಉಳಿಯುವುದು ಅವಳ ಕಾಲೇ ತಾನೆ?

ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು, "ಬಗ್ಗಿ ನೋಡಿ ಒಳಗೆ" ಅಂದ. ಆಕ್ಸಿಲರೇಟರ್ ಕೇಬಲ್ಲನ್ನು ಕೈಯಲ್ಲಿ ಎಳೆದ. ಕಾರ್ಬುರೇಟರಿನ ಬಾಯೊಳಗೆ ಪಿಚಕ್ಕನೆ ಪೆಟ್ರೋಲ್ ಚಿಮ್ಮಿತು.

"ಇದು ಪಂಪು. ಚೆನ್ನಾಗಿದೆ. ದಬಕ್ಕಂತ ತುಳಿಯೋರಿಗೆಲ್ಲ ಇದು ಪೆಟ್ರೋಲ್ ಹೊಡೆದು ಗಾಡಿ ಎತ್ತಿಬಿಡುತ್ತೆ. ನಿಮ್ಮಂಗೆ ಮೆತ್ತಗೆ ಒತ್ತೋರಿಗೆ ಪಂಪ್ ಹೊಡೆಯಲ್ಲಮ್ಮ. 'ಸ್ಲೋ ಜೆಟ್' ಅಂತ ಇನ್ನೊಂದು ಸಣ್ಣ ದಾರಿ ಇದೆ, ಪೆಟ್ರೋಲ್ ಅಲ್ಲಿಂದ ಬರಬೇಕು. ಅದು ಕಟ್ಟಿದ್ರೆ ರೇಸ್ ಕೊಡೋರಿಗೆ ಜನ್ಮದಲ್ಲಿ ಗೊತ್ತಾಗಲ್ಲ."

ಸಣ್ಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿ, ಒಂದು ಹಿತ್ತಾಳೆಯ ತುಣುಕು ತೆಗೆದ, ಕಿವಿಯೋಲೆಯ ತಿರುಪಿನಷ್ಟು ಇತ್ತು. ಕಣ್ಣಿಗೆ ಹಿಡಿದು ಬಿಸಿಲಿಗೆ ನೋಡಿ, ಅವಳ ಕೈಗೆ ಕೊಟ್ಟ. ಆಶಾರಾಣಿ ನೋಡಿದಳು. ನಡುವೆ ಸೂಜಿಗಣ್ಣಿಗಿಂತ ಸಣ್ಣ ತೂತು ಇರಬೇಕಾದಲ್ಲಿ ಕಂದು ಬಣ್ಣದ ಅಂಟು. ಬೆಳಕು ಒಂದು ಚೂರೂ ಬರುತ್ತಿರಲಿಲ್ಲ.

"ವಾರಗಟ್ಟಲೆ ನಿಂತಲ್ಲೇ ನಿಂತಿರೋ ಗಾಡಿ. ಪೆಟ್ರೋಲ್ ಒಣಗಿ ಅಂಟಾಗುತ್ತೆ."

ಅವಳ ಬ್ಯಾಗಿನಲ್ಲಿ ಸೂಜಿ ಇದ್ದೇ ಇರುತ್ತಿತ್ತು, ತೆಗೆದಳು. ವಹಾಬ್ ಹೌಹಾರಿಬಿಟ್ಟ. "ಸೂಜಿ ಮಾತ್ರ ಹಾಕಬೇಡಿ ಅಮ್ಮ, ತೂತು ದೊಡ್ಡದಾದ್ರೆ ಗಾಡಿ ಪೆಟ್ರೋಲ್ ಕುಡಿದು ಕುಡಿದು ಹೊಗೆ ಬಿಡುತ್ತೆ." ಕರೆಂಟ್ ವೈರಿನಿಂದ ಒಂದೇ ಒಂದು ಎಳೆ ತಾಮ್ರ ಬಿಡಿಸಿ, ಕ್ಲೀನರ್ ಹೊಡೆದು, ಎಳೆಯನ್ನು ತೂರಿಸಿ ತೆಗೆದು, ಗಾಳಿ ಊದಿ, ಮತ್ತೆ ಅವಳ ಕೈಗೇ ಕೊಟ್ಟ. ಈ ಸಲ ಚುಕ್ಕಿಯಷ್ಟು ಬೆಳಕು ಕಂಡಿತು. ಆಶಾರಾಣಿ ಬೇವಿನ ಮರದ ಕಡೆ ತಿರುಗಿ ನಿಂತು ಅತ್ತಳು. ವಹಾಬ್ ಕಂಡರೂ ಕಾಣದವನ ಹಾಗೆ ಸ್ಪ್ಯಾನರ್ ಹುಡುಕುತ್ತಾ ನಿಂತ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ನೆಮ್ಮದಿಯಾಗಿ ಊಟಕ್ಕೆ ಹೋಗಬಹುದಿತ್ತು. ಜೆಟ್ ಕೂರಿಸಿ, ಗಾಡಿ ನಿಂತಾಗ ಇಂಜಿನ್ ಓಡುವ ವೇಗ ಸರಿ ಮಾಡಲು ಐಡ್ಲಿಂಗ್ ಸ್ಕ್ರೂಗೆ ಕೈ ಹಾಕಿದ ವಹಾಬ್ ಹಾಗೇ ನಿಂತುಬಿಟ್ಟ. ಅವನದೊಂದು ಪದ್ಧತಿ ಇತ್ತು. ತಾನು ಇಟ್ಟ ಸ್ಕ್ರೂ ಮೇಲೆ, ಪಕ್ಕದ ಲೋಹದ ಮೇಲೆ, ಎರಡೂ ಸೇರುವ ಹಾಗೆ ಉಗುರು ಬಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದ. ಬೇರೆ ಯಾರಾದರೂ ತಿರುಗಿಸಿದರೆ ಗೀಟು ತಪ್ಪಿ ಸಿಕ್ಕಿಬೀಳುತ್ತಾರೆ. ಇಲ್ಲಿ ಗೀಟು ತಪ್ಪಿತ್ತು.

"ಈ ಸ್ಕ್ರೂ ಯಾರು ಮುಟ್ಟಿದ್ದು? ಯಾರೋ ಐಡ್ಲಿಂಗ್ ಎತ್ತಿದ್ದಾರೆ. ಸಿಗ್ನಲ್ಲಲ್ಲಿ ಆಫ್ ಆಗದೆ ಇರ್ಲಿ ಅಂತ ಮಾಡೋದು ಇದು. ಬೇರೆ ಗ್ಯಾರೇಜಿಗೆ ಏನಾದ್ರೂ ಹೋಗಿತ್ತಾ?"

"ಎಲ್ಲೂ ಹೋಗಿಲ್ಲ" ಅಂದಳು ಆಶಾರಾಣಿ. ಅನ್ನುತ್ತಿದ್ದ ಹಾಗೇ ನೆನಪಾಯಿತು. ಬಸ್ಸಿನ ಘಟನೆಯಾದ ನಾಲ್ಕನೇ ದಿನ ಬೆಳಿಗ್ಗೆ ಸುಬ್ರಮಣಿ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಿಂತಿದ್ದ, ಕೈಯಲ್ಲಿ ಸ್ಕ್ರೂಡ್ರೈವರ್. ಏನು ಅಂದಿದ್ದಕ್ಕೆ, ಏನಿಲ್ಲ, ನೀರು ನೋಡ್ತಿದ್ದೆ, ಅಂದಿದ್ದ. ನೀರು ನೋಡಲು ಸ್ಕ್ರೂಡ್ರೈವರ್ ಯಾಕೆ ಅಂತ ಅವತ್ತು ಅವಳಿಗೆ ಹೊಳೆದಿರಲಿಲ್ಲ.

"ಹಾಗಾದ್ರೆ ಸುಬ್ರಮಣೀದೇ ಕೆಲಸ" ಅಂದ ವಹಾಬ್ ಸ್ಕ್ರೂ ತಿರುಗಿಸುತ್ತಾ, ತಲೆ ಎತ್ತದೆ. "ಎರಡು ವರ್ಷದ ಹಿಂದೇನೇ ಹೇಳಿದ್ದೆ ಅವನಿಗೆ. ಸ್ಲೋ ಜೆಟ್ ಕಟ್ತಾ ಇದೆ, ಒಂದಿನ ಗಾಡಿ ಬಿಟ್ಟು ಹೋಗಪ್ಪ, ಮನೇಲಿ ಬೇರೆ ಯಾರಾದ್ರೂ ಓಡಿಸಿದ್ರೆ ನಡುರೋಡಲ್ಲಿ ನಿಂತ್ಬಿಡುತ್ತೆ ಅಂತ. ರೇಸ್ ಕೊಟ್ರೆ ಹೋಗುತ್ತೆ ಬಿಡು ಭಾಯ್ ಅಂದ." ಆಮೇಲೆ ತಲೆ ಎತ್ತಿ ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು ಆಡಿಯಾಗಿತ್ತು.

ಆಶಾರಾಣಿ ಅವನ ಕೂಲಿ ಕೊಟ್ಟಳು. ಗಾಡಿ ತೆಗೆದುಕೊಂಡು ಹೊರಟಳು. ಬಾಗಲೂರು ಕ್ರಾಸಿನಲ್ಲಿ ಅದೇ ಸಿಗ್ನಲ್ ಸಿಕ್ಕಿತು. ಬಿಟ್ಟ ಮೇಲೆ ಒಂದು ನೂಲು ಒತ್ತಿದಳು, ಎರಡು ನೂಲು ಒತ್ತಿದಳು, ಗಾಡಿ ಬೆಣ್ಣೆಯ ಹಾಗೆ ಜಾರಿಕೊಂಡು ಹೋಯಿತು. ಜಂಕ್ಷನ್ ದಾಟಿ ಎಡಕ್ಕೆ ನಿಲ್ಲಿಸಿ ನಯನಾಗೆ ಫೋನ್ ಮಾಡಿದಳು. "ಮೇಡಂ, ಸೋಮವಾರದ ತನಕ ಯಾಕೆ, ಈಗಲೇ ಹೇಳ್ತೀನಿ. ನಾನು ಮಾಡ್ತೀನಿ." ಆ ಕಡೆಯಿಂದ ನಯನಾ ಏನೋ ಒಳ್ಳೆಯ ಮಾತಾಡಿದಳು. ಇವಳಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

ಖುಷಿಯಾಗಬೇಕಿತ್ತು, ಆಗಿತ್ತು ಕೂಡ. ಆದರೆ ಕಟ್ಟಿಗೇನಹಳ್ಳಿ ಬರುವ ಹೊತ್ತಿಗೆ ಆ ಖುಷಿಯ ಕೆಳಗಿನಿಂದ ಸಿಟ್ಟು ಎದ್ದಿತು. ಮರೆತಿದ್ದ ಅನ್ನೋಣ ಅಂದರೆ, ಮರೆತವನು ನಾಲ್ಕನೇ ದಿನ ಬಂದು ಅದೇ ಸ್ಕ್ರೂ ತಿರುಗಿಸುತ್ತಾನೆಯೇ? ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ತಾನು ಓಡಿಸುವಷ್ಟಕ್ಕೆ ಸರಿ ಮಾಡಿಕೊಂಡ, ಇವಳ ಬಗ್ಗೆ ಆಡಿದ ಮಾತನ್ನು ಹಾಗೇ ಬಿಟ್ಟ. ಮೂರು ತಿಂಗಳು ಅವಳು ಅದೇ ಮಂಚದ ಮೇಲೆ ಕೂತು ಬೆರಳು ಚುಚ್ಚಿಕೊಂಡಿದ್ದಾಳೆ, ಪಕ್ಕದಲ್ಲಿ ಅವನು ಮೊಬೈಲ್ ನೋಡುತ್ತಾ ಮಲಗಿದ್ದಾನೆ. ಒಂದು ದಿನ ಹತ್ತಿಯನ್ನೂ ತಂದುಕೊಟ್ಟಿದ್ದ. ಆ ಹತ್ತಿ ನೆನಪಾಗಿ ಅವಳಿಗೆ ಮೈಯೆಲ್ಲ ಉರಿಯಿತು.

ಮನೆ ಮುಂದೆ ಟ್ಯಾಂಕರ್ ನಿಂತಿತ್ತು. ಸುಬ್ರಮಣಿ ಜಗಲಿಯಲ್ಲಿ ಕೂತು ಮುದ್ದೆ, ಅವರೆಕಾಳು ಸಾರು ಉಣ್ಣುತ್ತಿದ್ದ. ಸೊಣ್ಣಮ್ಮ ಎದುರಿಗೆ ಕೂತು ಬಡಿಸುತ್ತಿದ್ದಳು. ಕಾರು ಸದ್ದಿಲ್ಲದೆ ಬಂದು ನಿಂತದ್ದನ್ನು ನೋಡಿ ಅವನ ಕೈ ತಟ್ಟೆಯಲ್ಲೇ ನಿಂತಿತು. ಮೆತ್ತಗೆ ಬಂದ ಗಾಡಿ ಮುಗ್ಗರಿಸಲಿಲ್ಲ ಅನ್ನುವುದು ಡ್ರೈವರಿಗೆ ಗೊತ್ತಾಗದೆ ಇರುತ್ತದೆಯೇ?

ಆಶಾರಾಣಿ ಇಳಿದು ಬಂದು ಮೆಟ್ಟಿಲ ಹತ್ತಿರ ನಿಂತಳು. "ಗಾಡಿ ಸರಿ ಹೋಯ್ತು ರೀ. ಸ್ಲೋ ಜೆಟ್ ಕಟ್ಟಿತ್ತಂತೆ."

"ಹೌದಾ" ಅಂದ ಸುಬ್ರಮಣಿ.

"ವಹಾಬ್ ಭಾಯ್ ಐಡ್ಲಿಂಗ್ ಸ್ಕ್ರೂ ಯಾರು ತಿರುಗಿಸಿದ್ದು ಅಂತ ಕೇಳಿದ್ರು."

ಅವನು ಮುದ್ದೆ ಮುರಿದ, ಬಾಯಿಗಿಡಲಿಲ್ಲ. ಸೊಣ್ಣಮ್ಮ ಮಗನ ಮುಖವನ್ನೂ ಸೊಸೆಯ ಮುಖವನ್ನೂ ನೋಡಿದಳು. "ಏನ್ರಪ್ಪ ಅದು? ನಂಗೂ ಅರ್ತ ಆಗಂಗೆ ಯೋಳಿ."

"ನೀವೇ ಹೇಳಿ" ಅಂದಳು ಆಶಾರಾಣಿ ಗಂಡನಿಗೆ. "ನಾನು ಹೇಳಿದ್ರೆ ಅವರು ನಂಬಲ್ಲ. ಗಾಡಿ ವಿಷಯದಲ್ಲಿ ಅವರು ನಂಬೋದು ನಿಮ್ಮನ್ನೇ."

ಸುಬ್ರಮಣಿ ತಟ್ಟೆ ನೋಡಿಕೊಂಡೇ ಶುರು ಮಾಡಿದ. "ಅವತ್ತು ಕ್ರಾಸಲ್ಲಿ ಗಾಡಿ ನಿಂತಿದ್ದು ಇವಳ ಕಾಲಿಂದ ಅಲ್ಲಮ್ಮ. ಗಾಡೀಲೇ ತೊಂದ್ರೆ ಇತ್ತು. ವಹಾಬ್ ಭಾಯ್ ನಂಗೆ ಮೊದ್ಲೇ ಹೇಳಿದ್ರು, ನಾನು ಮಾಡಿಸ್ಲಿಲ್ಲ. ನಂಗೆ ರೇಸ್ ಕೊಟ್ರೆ ಓಡ್ತಿತ್ತು, ಓಡ್ಲಿ ಬಿಡು ಅನ್ಕೊಂಡೆ. ಅವತ್ತು ಬಸ್ಸು ಬಂದು ನಿಂತಾಗ... ಎಲ್ಲರೂ ನೋಡ್ತಿದ್ರು. ನಾನು ಡ್ರೈವರ್ರು. ನನ್ನಿಂದ ಆಯ್ತು ಅನ್ನೋಕೆ ಬಾಯಿ ಬರ್ಲಿಲ್ಲ."

"ಅವತ್ತು ಬರ್ಲಿಲ್ಲ, ಸರಿ" ಅಂದಳು ಆಶಾರಾಣಿ. "ಮಾರನೇ ದಿನ? ನಾನು ಡಾಕ್ಟರ ಹತ್ರ ಹೋದ ದಿನ? ನಿಮಗೆ ಹೇಳೋಕೆ ಮೂರು ತಿಂಗಳು ಇತ್ತು. ನನ್ನ ಕಾಲು ಹೋಯ್ತು, ಕೆಲಸ ಹೋಯ್ತು, ಇನ್ನೇನಿದೆ ಅಂತ ನಾನು ದಿನಾ ಸಾಯ್ತಿದ್ದೆ. ನೀವು ಪಕ್ಕದಲ್ಲೇ ಇದ್ರಿ."

"ಹೇಳೋಣ ಅನ್ಕೊಂಡೇ ಇದ್ದೆ ಕಣೆ. ಅಷ್ಟರಲ್ಲಿ ಡಾಕ್ಟ್ರೂ ಇರಬಹುದು ಅಂದ್ರು. ಇದ್ರೂ ಇರಬಹುದಲ್ಲ ಅಂತ..."

"ಇದ್ರೂ ಇರಬಹುದು ಅಂತ ನಿಮಗೆ ಸಮಾಧಾನ ಆಯ್ತು" ಅಂದಳು ಅವಳು.

ಸೊಣ್ಣಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಇಷ್ಟು ಹೊತ್ತು ಅವಳು ಬೈಯ್ಯದೆ ಕೂತಿದ್ದದ್ದೇ ಆ ಮನೆಯಲ್ಲಿ ಹೊಸದು. ಮೂರು ತಿಂಗಳಿಂದ ಸೊಸೆಯ ಕಾಲನ್ನು ಬೀದಿಯವರೆದುರಿಗೆಲ್ಲ ಆಡಿಕೊಂಡವಳು ತಾನೇ ಅನ್ನುವುದೂ ಅವಳಿಗೆ ನೆನಪಿತ್ತು. ಮಗನ ಕಡೆ ಸ್ವಲ್ಪ ಸರಿದು ಕೂತು ಕೇಳಿದಳು.

"ಲೋ ಸುಬ್ರಮಣಿ. ಆ ಬಸ್ಸು ನಿಲ್ದಲೆ ನನ್ ಮ್ಯಾಲೆ ಅತ್ತಿ ನಾನು ಸತ್ತೋಗಿದ್ರೆ, ಆಗ್ಲೂವೆ ಇವಳ ಕಾಲೇ ಅಂತಿದ್ಯೇನೋ?"

ಸುಬ್ರಮಣಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಸಾರು ಆರಿ ಮೇಲೆ ಕೆನೆ ಕಟ್ಟಿತ್ತು.

"ಅಂತಿದ್ದೆ ಅನ್ಸುತ್ತಮ್ಮ" ಅಂದ.